ಹುಲ್ಡಾಳ ತಟ್ಟೆ

ಆಲ್ಡರ್ ಕ್ರೀಕ್, ನೆಬ್ರಾಸ್ಕಾ
೯ ಡಿಸೆಂಬರ್ ೧೯೪೪

ನನ್ನ ಮುದ್ದು ವರ್ನನ್,

ಹಲ್ಲು ಕಿತ್ತ ಜಾಗ ಮಾಗಿತೇ? ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸು. ಸಮುದ್ರದ ನೀರಲ್ಲ ಮತ್ತೆ, ಬಿಸಿನೀರಿಗೆ ಉಪ್ಪು ಹಾಕಿಕೊಂಡು. ನಾನೂ ಅಪ್ಪನೂ ಚೆನ್ನಾಗಿದ್ದೇವೆ. ಕೆಂಪು ಹಸು ಕರು ಹಾಕಿದೆ.

ನಿನ್ನ ಕಾಗದ ಬಂತು. ಮದ್ದುಗುಂಡಿನ ಹಡಗು ಸಿಡಿದಾಗ ಹಲ್ಲು ಕೀಳಿಸಲು ದಡಕ್ಕೆ ಹೋಗಿದ್ದೆ, ಅದಕ್ಕೇ ಉಳಿದೆ, ಓರಿನ್ ಹಡಗಿನಲ್ಲೇ ಇದ್ದ, ಅವನಮ್ಮನಿಗೆ ಯಾವ ಮುಖ ತೋರಿಸಲಿ, ಇನ್ನು ಊರಿಗೇ ಬರುವುದಿಲ್ಲ ಎಂದು ಬರೆದಿದ್ದೀಯ. ಮುಖ ತೋರಿಸಲಾಗದವಳು ನಾನು, ಕೇಳು.

ನಿನ್ನ ಕಾಗದಕ್ಕೆ ಮೊದಲು, ನೀನು ಇಲ್ಲವೆಂದು ತಂತಿ ಬಂದಿತ್ತು. ಯಾರದೋ ತಪ್ಪು. ಸಂಜೆಯೊಳಗೆ ಮನೆ ತುಂಬ ಊರಿನವರ ತಿಂಡಿ ತಟ್ಟೆಗಳು, ಅಡಿಯಲ್ಲಿ ಅವರವರ ಹೆಸರು ಅಂಟಿಸಿಕೊಂಡು. ಎಲ್ಲರಿಗಿಂತ ಮೊದಲು ಬಂದವಳು ಪಕ್ಕದ ಮನೆಯ ಹುಲ್ಡಾ, ಓರಿನ್‌ನ ಅಮ್ಮ. ಅವಳಿಗಿನ್ನೂ ತಂತಿ ಬಂದಿರಲಿಲ್ಲ. ಸೇಬಿನ ಪೈ ತಂದಿದ್ದಳು. "ತಿನ್ನೇ ಆಲ್ಮಾ, ಅಳೋಕಾದ್ರೂ ಹೊಟ್ಟೇಲಿ ಏನಾದ್ರೂ ಇರ್ಬೇಕಲ್ಲ" ಎಂದು ತಾನೇ ನನ್ನ ಬಾಯಿಗಿಟ್ಟಳು. ಈ ಪಡಿತರದ ಕಾಲದಲ್ಲಿ ಅಷ್ಟು ಸಿಹಿ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಓರಿನ್ ರಜೆಯಲ್ಲಿ ಬಂದಾಗ ಕೇಕ್ ಮಾಡಲೆಂದು ಚಮಚ ಚಮಚ ಕೂಡಿಟ್ಟ ಸಕ್ಕರೆ ಅದೆಂದು ಆಮೇಲೆ ತಿಳಿಯಿತು.

ನಿನ್ನ ಕಾಗದವನ್ನು ಅಪ್ಪ ಅಂಗಳದಲ್ಲೇ ಓದಿದರು. "ಹಲ್ಲು ಕೀಳಿಸ್ಬೇಕು ಅಂದ್ರೆ ಅಟ್ಟ ಹತ್ತಿ ಅವಿತ್ಕೊಳ್ತಿದ್ದ ಕಣೇ ನಿನ್ ಮಗರಾಯ! ಆ ಹುಳುಕು ಹಲ್ಲಿಗೊಂದು ಪದಕ ಕೊಡ್ಸೇ!" ಎಂದರು. ಬಿದ್ದು ಬಿದ್ದು ನಕ್ಕೆ ಮಗಾ. ಕಣ್ಣೊರೆಸಿಕೊಂಡು ತಲೆಯೆತ್ತಿದರೆ ಬೇಲಿಯಾಚೆ ಹುಲ್ಡಾ. ಕೈಯಲ್ಲಿ ಓರಿನ್ ಇಲ್ಲವೆಂಬ ತಂತಿ. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಬೇಲಿ ದಾಟಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಬೇರೆಯವರ ತಟ್ಟೆಗಳನ್ನೆಲ್ಲ ಹಿಂದಿರುಗಿಸಿದೆ. ಅವಳದೊಂದೇ ಉಳಿದಿದೆ. ತಟ್ಟೆಯನ್ನು ಖಾಲಿ ಕೊಡುವ ರೂಢಿ ನಮ್ಮಲ್ಲಿಲ್ಲ. ಈ ತಟ್ಟೆಗೆ ನಾನು ಏನು ತುಂಬಲಿ?

ಬೆಚ್ಚಗಿರು. ದೇವರು ನಿನ್ನ ತಲೆ ಕಾಯಲಿ. ಕರುವಿಗೆ ನೀನೇ ಹೆಸರಿಡಬೇಕಂತೆ, ಅಪ್ಪನ ಅಪ್ಪಣೆ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಹುಲ್ಡಾಳೇ ಬಂದಳು. ತಟ್ಟೆ ಮುಂದೆ ಹಿಡಿದೆ, ಖಾಲಿಯದನ್ನೇ. ಅವಳು ಮುಟ್ಟಲಿಲ್ಲ. "ಇಲ್ಲೇ ಇರ್ಲಿ ಕಣೇ. ವರ್ನನ್ ಬಂದು ತಾನೇ ನಮ್ಮನೇಗ್ ತರ್ಲಿ. ಹಡಗಲ್ಲಿ ನನ್ ಹುಡುಗ ಏನ್ ತಿಂತಿದ್ದ, ಯಾತಕ್ಕೆ ನಗ್ತಿದ್ದ, ಅವನಿಗ್ ಬಿಟ್ರೆ ಇನ್ಯಾರಿಗ್ ಗೊತ್ತು?" ಎಂದಳು. ಅಡಿಯಲ್ಲಿ ಅಂಟಿಸಿದ ಅವಳ ಹೆಸರು ನೆನೆಯದ ಹಾಗೆ ತೊಳೆದಿಟ್ಟಿದ್ದೇನೆ. ಬಾ ಮಗಾ.