ಗಂಜಿ ಕಾಯಿಸಿದ ಬೆಳಿಗ್ಗೆ

ಕಡಯಂಪಟ್ಟಿ
19-5-1972

ಪ್ರೀತಿಯ ಅಕ್ಕಾ,

ನಿನ್ನ ತಂಗಿ ಲಕ್ಷ್ಮಿಯ ನಮಸ್ಕಾರ. ನಿನ್ನ ಗೋವಿಗೆ ಈಗ ಹೇಗಿದೆ? ಜ್ವರ ಇಳಿಯಿತೆಂದು ನಿನ್ನೆ ಭಾವ ಸೇಲಂನಿಂದ ಬಂದು ಹೇಳಿದಾಗ ಅತ್ತೆ ಕೈಮುಗಿದು ಅಲ್ಲೇ ಕುಸಿದು ಕೂತರು. ಬಾಳೆ ಎಲೆಯ ಮೇಲೆ ಮಲಗಿಸಿದ್ದಾರಂತೆ, ಮಗ್ಗುಲು ಬದಲಿಸುವಾಗ ಮಾತ್ರ ಕಿರುಚುತ್ತಾನಂತೆ. ಮೂರು ವರ್ಷದ ಮೈ ಅಷ್ಟು ಸುಟ್ಟುಕೊಂಡು ಹೇಗೆ ತಡೆಯುತ್ತಿದೆಯೋ. ನೀನು ಏನಾದರೂ ತಿನ್ನುತ್ತಿದ್ದೀಯಾ? ಆಸ್ಪತ್ರೆಗೆ ಕಳಿಸಿದ ಕ್ಯಾರಿಯರ್ ಅರ್ಧಕ್ಕರ್ಧ ಹಾಗೇ ವಾಪಸ್ ಬರುತ್ತಿದೆ. ನೀನೂ ಮಲಗಿಬಿಟ್ಟರೆ ಅವನನ್ನು ಯಾರು ಎತ್ತುತ್ತಾರೆ? ಈ ಮನೆಯಲ್ಲಿ ಕನ್ನಡ ಓದಬಲ್ಲವರು ನಾವಿಬ್ಬರೇ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಕೊಳ್ಳೇಗಾಲದ ಶಾಲೆಯಲ್ಲಿ ನಿನ್ನ ಸ್ಲೇಟು ಕಿತ್ತುಕೊಂಡು ಕಲಿತ ಅಕ್ಷರ. ಅಕ್ಕ ತಂಗಿಯರಿಬ್ಬರನ್ನೂ ಈ ಅಣ್ಣ ತಮ್ಮಂದಿರಿಗೆ ಕೊಟ್ಟ ಮೇಲೆ ಬರೆಯುವ ರೂಢಿಯೇ ತಪ್ಪಿದೆ. ತಪ್ಪಿದ್ದಲ್ಲಿ ನೀನೇ ತಿದ್ದಿಕೊಂಡು ಓದು.

ಮನೆಯ ಸಮಾಚಾರ ಕೇಳಿದ್ದೆಯಂತೆ. ನಿನ್ನ ದೊಡ್ಡವರಿಬ್ಬರು, ನನ್ನ ಮೂವರು, ರಜೆಗೆಂದು ಪೆನ್ನಾಗರಂನಿಂದ ಬಂದ ನಾದಿನಿ ಕಾಳಿಯಮ್ಮನ ಮೂವರು, ಒಟ್ಟು ಎಂಟು ಮಕ್ಕಳು. ಬಾವಿ ತಳ ಕಂಡಿದೆ. ಬೀದಿ ನಲ್ಲಿಯಲ್ಲಿ ಬೆಳಿಗ್ಗೆ ಒಂದು ಗಳಿಗೆ ನೀರು, ಆಮೇಲೆ ಗಾಳಿ. ಮಗ್ಗದ ಗುಂಡಿ ತಂಪಾಗಿರುತ್ತದೆಂದು ಮಕ್ಕಳೆಲ್ಲ ಅಲ್ಲೇ ಇಳಿದು ಕೂರುತ್ತವೆ, ನೂಲು ಸಿಕ್ಕಾಯಿತೆಂದು ನಮ್ಮವರು ಕೂಗಾಡುತ್ತಾರೆ. ಒಬ್ಬನ ಬೆವರುಸಾಲೆಗೆ ಶ್ರೀಗಂಧ ತೇಯ್ದು ಮುಗಿಸುವಷ್ಟರಲ್ಲಿ ಇನ್ನೊಬ್ಬಳು ಮಾವಿನಕಾಯಿಯ ಸೊನೆ ತಾಗಿ ತುಟಿ ಊದಿಸಿಕೊಂಡು ಬರುತ್ತಾಳೆ. ನಿನ್ನ ಮಕ್ಕಳು ಊಟಕ್ಕೆ ಕರೆದರೆ ಬರುತ್ತಾರೆ, ಕೊಟ್ಟದ್ದು ತಿನ್ನುತ್ತಾರೆ, ಚಿಂತೆ ಬೇಡ. ಕಾಳಿಯಮ್ಮನ ನಡುವಿನವನು ದಿನಾ ನನ್ನ ಸೆರಗು ಹಿಡಿದು "ಗೋವಿ ಎಪ್ಪೊ ವರುವಾನ್?" ಎಂದು ತಮಿಳಿನಲ್ಲಿ ಕೇಳುತ್ತಾನೆ. ನಾಳೆ ಬರುತ್ತಾನೆ ಅನ್ನುತ್ತೇನೆ. ಹನ್ನೆರಡು ದಿನದಿಂದ ನಾಳೆ ಅನ್ನುತ್ತಲೇ ಇದ್ದೇನೆ, ಅಕ್ಕಾ. ಕೈ ಒಂದು ಕಡೆ ಕೆಲಸ ಮಾಡುತ್ತಿರುತ್ತದೆ, ಪ್ರಾಣ ಇನ್ನೆಲ್ಲೋ ಇರುತ್ತದೆ.

ನನ್ನ ಮಗಳು ಚೆಲ್ಲಿಯ ವಿಷಯ ಬರೆಯದೆ ಇರಲಾರೆ. ಅವಳ ಹೆಸರು ಎತ್ತಬೇಡವೆಂದು ನೀನು ಭಾವನ ಹತ್ತಿರ ಹೇಳಿದ್ದು ನನಗೂ ಮುಟ್ಟಿದೆ. ಆದರೂ ಓದು. ಅವತ್ತು ನೀವೆಲ್ಲ ಬೀದಿಯಲ್ಲಿ ಮಗ್ಗದ ಹಾಸುನೂಲು ಎಳೆದು ಕಟ್ಟಿ ಅದಕ್ಕೆ ಗಂಜಿ ಹಚ್ಚಲು ಕಾಯುತ್ತಿದ್ದಾಗ ಅವಳು ಮಗುವನ್ನು ಬಿಟ್ಟು ನಲ್ಲಿಗೆ ಓಡಿದಳು. ಗೋವಿ ಗಂಜಿಯ ಹಂಡೆಯ ಅಂಚು ಹಿಡಿದೆಳೆದು ಸೊಂಟದಿಂದ ಕೆಳಗೆ ಸುರಿದುಕೊಂಡ. ಅತ್ತೆ "ಮಗೂನ ಯಾರ್ ನೋಡ್ಕೊತಿದ್ದೋರು?" ಎಂದು ಕೂಗಿದ್ದು, ಅವಳ ಅಪ್ಪ ಹೊಡೆದದ್ದು, ಬಸ್ಸು ಹತ್ತುವಾಗ ನೀನು "ನಿನ್ ಮೊಕ ಇನ್ನ ನನ್ಗೆ ತೋರಿಸ್ಬ್ಯಾಡ" ಅಂದದ್ದು, ಎಲ್ಲಾ ಆಯಿತು. ಅವತ್ತಿನಿಂದ ಅವಳು ಬಾಯಿ ಬಿಟ್ಟಿಲ್ಲ. ಕೇಳಿದರೆ ತಲೆ ಆಡಿಸುತ್ತಾಳೆ, ಅಷ್ಟೇ. ನಲ್ಲಿಯ ಸಾಲಿನಲ್ಲಿ ಬೇರೆಯವರು ಅವಳ ಕೊಡ ಹಿಂದಕ್ಕೆ ಸರಿಸಿದರೂ ಸುಮ್ಮನೆ ನಿಂತಿರುತ್ತಾಳೆ. ಕಾಳಿಯಮ್ಮನ ಕೂಸು ತೆವಳಿಕೊಂಡು ಅವಳ ತೊಡೆ ಏರಿದರೆ ಅತ್ತೆ ಬಂದು "ಅವ್ಳ ಕೈಗೆ ಕೂಸು ಬ್ಯಾಡ" ಎಂದು ಎತ್ತಿಕೊಂಡು ಹೋಗುತ್ತಾರೆ. ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೂರುತ್ತಾಳೆ.

ಮೊನ್ನೆ ಮಧ್ಯಾಹ್ನ ಊಟಕ್ಕೆ ಎಲೆ ಹಾಕಿದಾಗ ಏಳೇ ಮಕ್ಕಳಿದ್ದವು. ಹಿತ್ತಿಲು, ಗುಡಿ, ನಲ್ಲಿ ಕಟ್ಟೆ ಎಲ್ಲಾ ಹುಡುಕಿದೆ. ಬಾವಿಯೊಳಗೆ ಬಗ್ಗಿ ನೋಡಿದೆ, ಅಕ್ಕಾ. ನೀರಿಲ್ಲದ ಬಾವಿ ಎಂದು ಗೊತ್ತಿದ್ದೂ ನೋಡಿದೆ. ಕೊನೆಗೆ ಪಕ್ಕದ ಮನೆಯ ಪೊನ್ನುಸ್ವಾಮಿಯಣ್ಣ ಕರೆದುಕೊಂಡು ಬಂದರು. ನಿನಗೆ ಕ್ಯಾರಿಯರ್ ಕೊಟ್ಟು ಬಸ್ಸಿನಲ್ಲಿ ಬರುವಾಗ ಓಮಲೂರು ದಾರಿಯಲ್ಲಿ ಒಬ್ಬಳೇ ನಡೆದು ಹೋಗುತ್ತಿದ್ದದ್ದು ಕಂಡು ಇಳಿದರಂತೆ. ಎಲ್ಲಿಗೆ ಹೊರಟೆ ಎಂದರೆ ಸೇಲಂ ಕಡೆ ಕೈ ತೋರಿಸಿದಳಂತೆ. ಕಂಕುಳಲ್ಲಿ ಗೋವಿಯ ಎರಡು ಅಂಗಿ, ಒಗೆದು ಮಡಿಸಿದ್ದು. ಚಪ್ಪಲಿಯಿಲ್ಲದೆ ಟಾರು ರಸ್ತೆಯಲ್ಲಿ ನಡೆದು ಅಂಗಾಲು ಪೂರ್ತಿ ಬೊಬ್ಬೆ. ಹೊಡೆಯಲು ಕೈ ಎತ್ತಿದವಳು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಅವಳು ಅಳಲಿಲ್ಲ.

ನನಗೆ ಇನ್ನು ಶಕ್ತಿಯಿಲ್ಲ. ಗೋವಿ ಎದ್ದು ನಡೆಯಲಿ, ನಿನ್ನ ಮಡಿಲು ತಣ್ಣಗಿರಲಿ. ಅತ್ತೆಯ ಆಶೀರ್ವಾದ, ನಿನ್ನ ಮಕ್ಕಳ ಮುತ್ತು. ವಾರ್ಡಿನಲ್ಲಿ ಅವನ ಕಾಲಿಗೆ ಬೀಸಣಿಗೆ ಬೀಸುವಾಗ ನನ್ನ ಹೆಸರಲ್ಲೂ ಒಂದೆರಡು ಸಲ ಬೀಸು.

ನಿನ್ನ ತಂಗಿ,
ಲಕ್ಷ್ಮಿ

ವಿ.ಸೂ.: ಪೊನ್ನುಸ್ವಾಮಿಯಣ್ಣ ಬಾಗಿಲಲ್ಲಿ ನಿಂತಿದ್ದಾರೆ, ಬಸ್ಸಿಗೆ ಹೊತ್ತಾಯಿತು. ಅಕ್ಕಾ, ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಚೆಲ್ಲಿ ಮಗುವನ್ನು ಬಿಟ್ಟು ಓಡಲಿಲ್ಲ. ಸೊಂಟದ ಮೇಲೆ ಎತ್ತಿಕೊಂಡೇ ಇದ್ದಳು. ನೀರು ಬಂತೆಂದು ಕೂಗು ಕೇಳಿದಾಗ ನಾನೇ "ಅವನ್ನ ಇಲ್ಲಿ ಬುಡು, ನಾನ್ ನೋಡ್ಕೋತೀನಿ, ನೀನ್ ಓಡು" ಎಂದು ಇಳಿಸಿಕೊಂಡೆ. ಹಂಡೆಯನ್ನು ಒಲೆಯಿಂದ ಇಳಿಸಿ ನಡುಮನೆಯ ಬಾಗಿಲಲ್ಲಿ ಇಟ್ಟವಳೂ ನಾನೇ. ಹಂಡೆ ಹಿಡಿಯುವ ಬಟ್ಟೆಗೆಂದು ತಿರುಗಿದೆ, ಅಷ್ಟರಲ್ಲಿ ಆಯಿತು. ಅತ್ತೆ ಕೇಳಿದಾಗ ನನಗೆ ಬಾಯಿ ಬರಲಿಲ್ಲ. ಚೆಲ್ಲಿ ಕೊಡ ಹೊತ್ತು ಒಳಗೆ ಬಂದಳು, ಎಲ್ಲರೂ ಅವಳ ಕಡೆ ತಿರುಗಿದರು, ನಾನೂ ತಿರುಗಿದೆ. ಅವಳು ನನ್ನನ್ನೇ ನೋಡಿದಳು. ಮೇಲಿನದನ್ನು ಬರೆದು ಮುಗಿಸಿ ಅವಳ ಅಂಗಾಲಿಗೆ ಎಣ್ಣೆ ಹಚ್ಚುತ್ತಾ ದೊಡ್ಡಮ್ಮನಿಗೆ ನಿಜ ಬರೆಯುತ್ತೇನೆ ಎಂದೆ. ಆಗ ಬಾಯಿ ಬಿಟ್ಟಳು: "ಬ್ಯಾಡಮ್ಮ. ದೊಡ್ಡಮ್ಮ ನಿನ್ನೂ ಸೇರ್ಸಾಕಿಲ್ಲ. ನಂದೇ ಅಂತ ಇರ್ಲಿ ಬುಡು." ಹನ್ನೊಂದು ವರ್ಷದವಳು. ಈಗಷ್ಟೇ ಅತ್ತೆಗೂ ನಮ್ಮವರಿಗೂ ಹೇಳಿ ಬಂದೆ. ನಮ್ಮವರು ಎದ್ದು ಬೀದಿಗೆ ಹೋದರು, ಅತ್ತೆ ಗೋಡೆ ಕಡೆ ಮುಖ ಮಾಡಿದರು. ನೀನು ನನ್ನನ್ನು ಏನು ಬೇಕಾದರೂ ಅನ್ನು. ಚೆಲ್ಲಿಯನ್ನು ಪೊನ್ನುಸ್ವಾಮಿಯಣ್ಣನ ಜೊತೆ ಕಳಿಸುತ್ತಿದ್ದೇನೆ. ನೀನು ಇದನ್ನು ಓದುವಾಗ ವಾರ್ಡಿನ ಬಾಗಿಲಾಚೆ ನಿಂತಿರುತ್ತಾಳೆ. ತಾನಾಗಿ ಒಳಗೆ ಬರುವವಳಲ್ಲ. ಎದ್ದು ಹೋಗಿ ಕರೆ.