ನೋವಿಲ್ಲದ ಕಾಲು

ಅಂಜನಾಪುರದ ಹತ್ತಿರದ ನಮ್ಮ ಹಟ್ಟಿಯಿಂದ
ಭಾರತ ಹುಣ್ಣಿಮೆಯ ಹಿಂದಿನ ದಿನ

ರೋಜಾ, ನನ್ನ ಬಂಗಾರಿ,

ನಿನ್ನನ್ನೂ ಅಳಿಯಂದಿರನ್ನೂ ಮೊಮ್ಮಗಳು ಮಧುಶ್ರೀಯನ್ನೂ ಬೀರಪ್ಪ ತಣ್ಣಗೆ ಇಟ್ಟಿರಲಿ. ಫೋನ್ ಇರುವಾಗ ಅಮ್ಮ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಮನೆಯಲ್ಲಿರುವುದು ಒಂದೇ ಫೋನು, ಅದು ನಿಮ್ಮಪ್ಪನ ಜೇಬಿನಲ್ಲಿ. ನಾನು ಮಾತಾಡುವಾಗ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂರುತ್ತಾರೆ. ನೀನು ಕೇಳಿದ್ದಕ್ಕೆ ನನಗಿಂತ ಮೊದಲು ಅವರೇ ಉತ್ತರವನ್ನೂ ಕೊಡುತ್ತಾರೆ. ಅದಕ್ಕೇ ಸೊರಬಕ್ಕೆ ಹೊರಟ ಪಕ್ಕದ ಮನೆಯ ತೀರ್ಥೇಶನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ನಾಡಿದ್ದು ಬೆಳಿಗ್ಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡುತ್ತದೆ. ನಿಮ್ಮಪ್ಪನ ಚೀಲ ತುಂಬುತ್ತ ಕೂತಿದ್ದೇನೆ. ಒಣರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿದ ಅವಲಕ್ಕಿ, ಕೊಬ್ಬರಿ ಎಣ್ಣೆ, ತೆಳುವಾದ ಕಂಬಳಿ. ತಂಡದ ಹಿರಿಯ ಗುತ್ಯಪ್ಪ ಬಂದು ಚೀಲ ಎತ್ತಿ ನೋಡಿ, "ಏನ್ ದುರುಗಮ್ಮ, ಗಂಡನ್ನ ದಿಬ್ಬಣಕ್ಕೆ ಕಳಿಸ್ತೀಯೇನು? ಇಷ್ಟು ಹೊತ್ಕಂಡು ಚಾರ್ಮಾಡಿ ಘಾಟಿ ಇಳಿಯಾಕೆ ಆಗ್ತದಾ?" ಎಂದು ನಕ್ಕ. ನಾನೂ ನಕ್ಕು ತಿಂಡಿಯಲ್ಲಿ ಅರ್ಧ ತೆಗೆದೆ. ಬಟ್ಟೆಯ ಗಂಟು ಬಿಚ್ಚಲು ಮಾತ್ರ ಬಿಡಲಿಲ್ಲ.

ಈ ಹರಕೆಯ ಕಥೆ ನಿನಗೆ ಗೊತ್ತಿರುವುದೇ. ಮಧುಶ್ರೀಗೆ ನಾಲ್ಕು ತುಂಬುತ್ತ ಬಂದರೂ ಬಾಯಿಂದ ಒಂದು ಅಕ್ಷರ ಬರಲಿಲ್ಲ. ಕೂಸು ಮಾತಾಡಿದರೆ ಬರಿಗಾಲಲ್ಲಿ ನಡೆದು ಬರುತ್ತೇನೆ ಎಂದು ನಿಮ್ಮಪ್ಪ ಅವಳ ಹೆಸರಲ್ಲಿ ಕಂಕಣ ಕಟ್ಟಿಸಿಕೊಂಡರು. ದೀಪಾವಳಿಗೆ ನೀವು ಬಂದಾಗ ಅವಳು ದೊಡ್ಡಿಯ ಬಾಗಿಲಲ್ಲಿ ನಿಂತು, ಥೇಟ್ ಅಜ್ಜನ ಹಾಗೆ "ಟ್ರ್ರ್ ಹೋಯ್" ಎಂದು ಕುರಿಗಳನ್ನು ಕೂಗಿದಳಲ್ಲ! ಕುರಿಗಳೆಲ್ಲ ತಲೆ ಎತ್ತಿದವು. ನಿಮ್ಮಪ್ಪ ಅಲ್ಲೇ ಹಿಕ್ಕೆಯ ಮೇಲೇ ಕೂತು ಅತ್ತರು.

ಅವತ್ತಿನಿಂದ ಚಪ್ಪಲಿ ಬಿಟ್ಟಿದ್ದಾರೆ, ರೂಢಿಯಾಗಲಿ ಎಂದು. ಬಂದಳಿಕೆ ಊರಿನ ಕಡೆ ಕುರಿ ಹೊಡೆದುಕೊಂಡು ಹೋಗುವಾಗ ಬೇಕೆಂದೇ ಮೆಕ್ಕೆಜೋಳ ಕೊಯ್ದ ಕೂಳೆಯ ಮೇಲೆ ನಡೆಯುತ್ತಿದ್ದರು. ಮೊದಮೊದಲು ಪಾದ ಉರಿ ಎನ್ನುತ್ತಿದ್ದರು. ಒಂದು ದಿನ ಮಾತ್ರ ಹಿಗ್ಗಿಕೊಂಡು ಬಂದು, "ದುರುಗಿ, ಒಂಚೂರೂ ನೋವಿಲ್ಲ ಕಣೆ. ಮಂಜುನಾಥ ಕಾಲಿಗೇ ಬಂದು ಕೂತಾನೆ" ಎಂದರು. ಊರಿಗೆ ಊರೇ ನಂಬಿತು. ಹೆಂಗಸರು ಬಂದು ಕಾಲು ಮುಟ್ಟಿ ಹೋದರು. ನಾನೂ ಬಗ್ಗಿ ಕಣ್ಣಿಗೆ ಒತ್ತಿಕೊಂಡೆ.

ಹಾಗೆ ಬಗ್ಗಿದಾಗಲೇ ಕಂಡಿತು. ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದು ಕೂತಿತ್ತು, ಸುತ್ತಲೂ ಕೀವು. ಕುರಿಯ ಗೊರಸಿಗೆ ಹರಳು ಸಿಕ್ಕರೂ ಅದರ ನಡಿಗೆ ನೋಡಿ ದೂರದಿಂದಲೇ ಹೇಳುವ ಮನುಷ್ಯ, ತನ್ನ ಕಾಲಲ್ಲಿ ಮುಳ್ಳಿಟ್ಟುಕೊಂಡು ಎಷ್ಟು ದಿನ ತಿರುಗಿದರೋ. ನಾನು ಸೂಜಿ ಹಾಕಿ ತೆಗೆದೆ. ಅವರು ಗುತ್ಯಪ್ಪನ ಜೊತೆ ಹರಟುತ್ತಲೇ ಇದ್ದರು. ಒಂದು ಸಲವೂ ಕಾಲು ಎಳೆದುಕೊಳ್ಳಲಿಲ್ಲ ರೋಜಾ.

ಹಟ ಮಾಡಿ ಶಿಕಾರಿಪುರಕ್ಕೆ ಕರೆದುಕೊಂಡು ಹೋದೆ. ಸಕ್ಕರೆ ಕಾಯಿಲೆಯಂತೆ. ಡಾಕ್ಟರು ನಿಧಾನವಾಗಿಯೇ ಹೇಳಿದರು, "ನೋವು ಗೊತ್ತಾಗ್ತಿಲ್ಲ ಅನ್ನೋದೇ ಕಾಯಿಲೆ ಯಜಮಾನ್ರೇ. ಚಪ್ಪಲಿ ಇಲ್ಲದೆ ಅಂಗಳಕ್ಕೂ ಇಳೀಬೇಡಿ. ಹಿಂಗೇ ನಡೆದ್ರೆ ಕಾಲು ಉಳಿಯಲ್ಲ." ಹೊರಗೆ ಬಂದವರೇ ನಿಮ್ಮಪ್ಪ, "ನೋಯದ ಕಾಲಿಗೆ ಔಷಧಿಯಂತೆ! ಹಂಗಾರೆ ಹಸಿವಿಲ್ಲದೋರಿಗೆ ಊಟ ಹಾಕ್ಲಿ" ಎಂದು ಗೇಲಿ ಮಾಡಿದರು. ಬಸ್ಸು ಹತ್ತಿದ ಮೇಲೆ ಆ ನಗು ಇರಲಿಲ್ಲ. ನನ್ನ ಕೈ ಹಿಡಿದುಕೊಂಡು ಕೇಳಿದರು, "ನಾನು ನಡೀದೆ ಕೂತು, ಕೂಸಿನ ಮಾತು ನಿಂತೋದ್ರೆ? ರೋಜಾನ ಮುಖ ಹೆಂಗೆ ನೋಡ್ತಿ?"

ನನಗೂ ಅದೇ ಭಯ. ನೀನು ಫೋನಿನಲ್ಲಿ ಮಧುಶ್ರೀಯ ಹರಟೆ ಕೇಳಿಸಿದಾಗಲೆಲ್ಲ ಅವಳ ಒಂದೊಂದು ಮಾತಿಗೂ ಅವರ ಹಿಮ್ಮಡಿ ಕಣ್ಣಿಗೆ ಬರುತ್ತದೆ. ಆ ಕಾಲೂ ಬೇಕು, ಈ ಮಾತೂ ಬೇಕು. ಯಾವುದನ್ನು ಬಿಡಲಿ ಹೇಳು.

ಕೊನೆಗೆ ಬೀರಪ್ಪನ ಗುಡಿಯ ಪೂಜಾರಿ ಲೋಕಪ್ಪಜ್ಜನ ಹತ್ತಿರ ಹೋಗಿ ಅತ್ತೆ. ಅಜ್ಜ ಹೇಳಿದ, "ಹರಕೆ ಬಿಡಾಕೆ ಬರಲ್ಲವ್ವ, ಬದಲಾಯಿಸಾಕೆ ಬರ್ತದೆ. ಊರ ಗಡಿ ದಾಟೋ ಮುಂಚೆ, ಯಾರ ಹೆಸರಲ್ಲಿ ಕಟ್ಟಿದ್ದೋ ಅವರೇ ಕಂಕಣ ಬಿಚ್ಚಬೇಕು. ಬಿಚ್ಚಿ ಅದೇ ಮನೇಲಿ ಇನ್ನೊಬ್ಬರ ಕೈಗೆ ಕಟ್ಟಬೇಕು, ಆಮೇಲೆ ಅವರು ನಡೀಬೇಕು. ಗಡಿ ದಾಟಿದ್ರೆ ನನ್ನ ಕೇಳಬ್ಯಾಡ."

ಅದಕ್ಕೇ ಈ ಕಾಗದ. ನಾಳೆ ಸಂಜೆಯ ಬಸ್ಸಿಗೆ ಮಧುಶ್ರೀಯನ್ನು ಕರೆದುಕೊಂಡು ಬಾ. ಅಜ್ಜನನ್ನು ಕಳಿಸಿಕೊಡಲು ಬಂದೆ ಎನ್ನು, ಹಿಗ್ಗುತ್ತಾರೆ. ದಾರಿಯಲ್ಲಿ ಮಗುವಿಗೆ ಒಂದು ಮಾತು ಕಲಿಸು, "ಅಜ್ಜ, ನೀನು ಬ್ಯಾಡ" ಎಂದು. ನನ್ನ ಮಾತು ಅವರು ಕೇಳಲಿಲ್ಲ, ಡಾಕ್ಟರ ಮಾತೂ ಕೇಳಲಿಲ್ಲ. ಯಾವ ಬಾಯಿಗಾಗಿ ಹರಕೆ ಹೊತ್ತರೋ ಆ ಬಾಯಿಯೇ ಹೇಳಿದರೆ ಹೇಗೆ ಇಲ್ಲ ಅಂತಾರೆ, ನೋಡೋಣ. ಕಂಕಣದ ಗಂಟು ಬಿಗಿಯಾಗಿದೆ. ಪುಟ್ಟ ಬೆರಳಿಗೆ ಬರದಿದ್ದರೆ ನೀನೂ ಕೈಹಚ್ಚು. ಯಾರ ಕೈಗೆ ಕಟ್ಟುವುದು ಎಂಬ ಚಿಂತೆ ನಿನಗೆ ಬೇಡ, ಅದನ್ನು ನಾನು ನೋಡಿಕೊಂಡಿದ್ದೇನೆ.

ತಪ್ಪಿಸಬೇಡ ಮಗಳೇ. ಬಾಗಿಲಲ್ಲೇ ಕಾದಿರುತ್ತೇನೆ.

ನಿನ್ನ ಅಮ್ಮ,
ದುರುಗಮ್ಮ

ತಾ.ಕ.: ಬರುವಾಗ ನಿಮ್ಮಪ್ಪನ ಅಳತೆಗೆ ಮೆತ್ತನೆಯ ಚಪ್ಪಲಿ ತಾ. ನನ್ನ ಚಪ್ಪಲಿ ಹಿತ್ತಲ ಸೌದೆಯ ಹಿಂದೆ ಇದೆ, ಮಧುಶ್ರೀ ಕಂಡರೆ ಅಜ್ಜನಿಗೆ ತೋರಿಸದಿರಲಿ. ಗುತ್ಯಪ್ಪನಿಗೆ ಬಿಚ್ಚಲು ಬಿಡದ ಗಂಟಿನಲ್ಲಿರುವುದು ಪಂಚೆಯಲ್ಲ, ನನ್ನ ಎರಡು ಸೀರೆ. ಕುರಿಯ ಹಿಂದೆ ನಾನೂ ಕೂಳೆಯ ಮೇಲೆ ನಡೆದು ನೋಡಿದ್ದೇನೆ. ಹೆದರಬೇಡ, ನನ್ನ ಕಾಲು ಚೆನ್ನಾಗಿ ನೋಯುತ್ತದೆ.