ಐದು ಗಂಟಿನ ಹಗ್ಗ

ಕ್ಯೋಮ್ಯುಸ್ ಅಲಾಸ್, ಯಾಕೂಟಿಯಾ
೧೧ ಫೆಬ್ರವರಿ ೧೯೬೮

ನನ್ನ ಪ್ರೀತಿಯ ಮುದುಕಾ,

ಹೇಗಿದ್ದೀಯ? ಕಣ್ಣಿನ ಪಟ್ಟಿ ಬಿಚ್ಚಿದರೇ? ತಲೆನೋವು ಇಳಿಯಿತೆ? ಆಸ್ಪತ್ರೆಯ ಗಂಜಿಯನ್ನು ಮೂಸಿ ನೋಡಿ ಪಕ್ಕಕ್ಕೆ ತಳ್ಳುತ್ತಿದ್ದೀಯ ಎಂದು ಯಾರೂ ಹೇಳದೆಯೇ ನನಗೆ ಗೊತ್ತು. ಈ ಕಾಗದದ ಜೊತೆ ಬೆಣ್ಣೆ, ಒಣಗಿಸಿದ ಕುದುರೆ ಮಾಂಸ ಇವೆ. ಗಂಜಿಗೆ ಬೆಣ್ಣೆ ಕಲಸಿಕೊಂಡು ತಿನ್ನು, ಮೈಯಲ್ಲಿ ಬಿಸಿ ನಿಲ್ಲಬೇಕು. ನಿನ್ನ ಕಾಗದಗಳನ್ನು ಬರೆದು, ನನ್ನವನ್ನು ನಿನಗೆ ಓದಿ ಹೇಳುವ ನರ್ಸ್ ದಾರಿಯಾಗೂ ಅದರಲ್ಲಿ ಪಾಲಿದೆ. ದಾರಿಯಾ ಮಗಳೇ, ಈ ಮುದುಕ ನಡುವೆ ಬಾಯಿ ಹಾಕಿ ಸಾಕು ನಿಲ್ಲಿಸು ಎಂದರೆ ನಿಲ್ಲಿಸಬೇಡ. ಕೋಪ ಬಂದಾಗ ಮೀಸೆ ಜಗಿಯುತ್ತಾನೆ, ಬೇರೇನೂ ಮಾಡುವುದಿಲ್ಲ.

ಇಲ್ಲಿ ಎಲ್ಲ ಸರಿಯಿದೆ. ಕಂದು ಹಸು ಹೆಣ್ಣು ಕರು ಹಾಕಿತು. ಕುಡಿಯುವ ನೀರಿಗೆ ಕೆರೆಯಿಂದ ಕಡಿದು ತಂದ ಮಂಜುಗಡ್ಡೆ ಏಪ್ರಿಲ್‌ವರೆಗೆ ಬರುತ್ತದೆ. ಶಾಲೆಯ ಗ್ರಂಥಾಲಯದ ಒಲೆ ಹೊಗೆಯುಗುಳುತ್ತದೆ, ನಾನು ತುಪ್ಪಳದ ಟೊಪ್ಪಿಗೆ ಹಾಕಿಕೊಂಡೇ ಪುಸ್ತಕ ಕೊಡುತ್ತೇನೆ. ಚಳಿ ಈ ವರ್ಷ ಸುಮಾರು, ಮೈನಸ್ ಐವತ್ತೊಂದರಿಂದ ಕೆಳಗೆ ಇಳಿದದ್ದು ನಾಲ್ಕೇ ದಿನ.

ಇನ್ನು ನಿನ್ನ ಜನವರಿಯ ಕಾಗದದ ವಿಷಯ. ಎಡಗಣ್ಣು ಹೋಯಿತು, ಬಲಗಣ್ಣಿಗೆ ಇನ್ನು ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನೀನು ಎರಡೇ ಸಾಲಿನಲ್ಲಿ ಬರೆಸಿದ್ದೆ. ಅದರ ಕೆಳಗೆ, 'ಕ್ಯಾಮೆರಾನ ಶಾಲೆಗೆ ಕೊಟ್ಬಿಡು, ಹಗ್ಗ ಕರು ಕಟ್ಟೋಕೆ ಆಗುತ್ತೆ.' ಆ ಎರಡು ಸಾಲಿಗೆ ನಾನು ಅತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ಮೂರನೆಯ ಸಾಲಿಗೆ ನನಗೆ ಬಂದದ್ದು ಸಿಟ್ಟು. ಯುದ್ಧದಿಂದ ಬಂದ ಮೇಲೆ ಎರಡು ಚಳಿಗಾಲ ಅಳಿಲು ಬೇಟೆಯಾಡಿ, ಚರ್ಮ ಮಾರಿ ತಂದ ಫೆಡ್ ಕ್ಯಾಮೆರಾ ಅದು. ಅಂಗೈಯಗಲದ ಆ ಪೆಟ್ಟಿಗೆಗೆ ಬೆನ್ನಲ್ಲಿ ಎರಡು ಪುಟ್ಟ ಕಿಂಡಿಗಳಿವೆ, ಒಂದರಲ್ಲಿ ಎದುರಿಗಿದ್ದವರ ಮುಖ ಎರಡೆರಡಾಗಿ ಕಾಣುತ್ತದೆ, ಎರಡೂ ಸೇರಿ ಒಂದಾಗುವವರೆಗೆ ಮಸೂರ ತಿರುಗಿಸಬೇಕು ಎಂದು ನೀನು ತೋರಿಸಿಕೊಟ್ಟಾಗ ನನಗೆ ಇಪ್ಪತ್ತೊಂಬತ್ತು ವರ್ಷ. ದಾರಿಯಾ, ಮುಂದಿನ ಸಾಲನ್ನು ಮೆಲ್ಲಗೆ ಓದು, ವಾರ್ಡಿನವರಿಗೆಲ್ಲ ಕೇಳಿಸುವುದು ಬೇಡ. ಅವತ್ತು ಆ ಕಿಂಡಿಯಲ್ಲಿ ನಿನ್ನ ಎರಡು ಮುಖ ನೋಡಿ, ಒಂದೇ ಸಾಕು ಎಂದುಕೊಂಡು ತಿರುಗಿಸಿದೆ.

ಕ್ಲಬ್ಬಿನ ಗೋಡೆಯ ಮೇಲೆ ಹತ್ತೊಂಬತ್ತು ಚಿತ್ರಗಳಿವೆ. ೧೯೪೯ರಿಂದ ವರ್ಷಕ್ಕೊಂದು, ನಮ್ಮ ಕುದುರೆ ಕಾಯುವವರು ತಮ್ಮ ದೊಡ್ಡ ಗಂಡುಕುದುರೆಯ ಜೊತೆ ನಿಂತದ್ದು, ಎಲ್ಲವೂ ಜನವರಿಯ ಕೊರೆತದಲ್ಲಿ. ಬೇಸಗೆಯಲ್ಲಿ ತೆಗೆಯೋಣ ಎಂದು ಕೃಷಿಸಂಘದ ಯಾರೋ ಅಧ್ಯಕ್ಷರು ಒಮ್ಮೆ ಹೇಳಿದಾಗ ಕಿರ್ಗೀಲೆ ಮಾವ, ಬೇಸಗೆಯಲ್ಲಿ ಕುದುರೆ ಕಾಯೋಕೆ ನನ್ನ ಹೆಂಡತಿಯೂ ಸಾಕು, ಅವಳ ಚಿತ್ರ ತೆಗೀರಿ ಎಂದಿದ್ದನಲ್ಲ. ಇಪ್ಪತ್ತನೆಯ ಚಿತ್ರದ ಮೊಳೆಯನ್ನು ನೀನೇ ಶರತ್ಕಾಲದಲ್ಲಿ ಹೊಡೆದು ಹೋಗಿದ್ದೀಯ. ಕ್ಲಬ್ಬಿಗೆ ಬಂದ ಜನ ಆ ಬರಿ ಮೊಳೆಯನ್ನು ನೋಡಿ ನನ್ನ ಮುಖ ನೋಡುತ್ತಿದ್ದರು. ಅಧ್ಯಕ್ಷರು ಜಿಲ್ಲೆಯಿಂದ ಬೇರೆ ಫೋಟೋದವನನ್ನು ಕರೆಸಲೇ ಎಂದು ಕೇಳಿದರು. ನಾನು ಬೇಡ, ನಾನೇ ತೆಗೆಯುತ್ತೇನೆ ಎಂದೆ. ಫಿಲ್ಮು ತೊಳೆಯುವುದು, ಅಚ್ಚು ಹಾಕುವುದು ಹತ್ತೊಂಬತ್ತು ವರ್ಷವೂ ನನ್ನ ಪಾಲಾಗಿತ್ತು, ಚಿತ್ರ ತೆಗೆದದ್ದು ಒಂದು ದಿನವೂ ಇಲ್ಲ. ಅವರು ಅದನ್ನು ಬಾಯಿಬಿಟ್ಟು ಹೇಳದಿದ್ದುದು ಅವರ ದೊಡ್ಡತನ.

ನೀನು ಮಾಡುತ್ತಿದ್ದುದನ್ನೆಲ್ಲ ಹಾಗೆಯೇ ಮಾಡಿದೆ. ಅಕ್ಟೋಬರಿನಲ್ಲಿ ನೀನೇ ಪೆಟ್ರೋಲಿನಿಂದ ತೊಳೆದು ಒಳಗಿನ ಎಣ್ಣೆಯನ್ನೆಲ್ಲ ತೆಗೆದಿದ್ದರಿಂದ, ಬೆಳಕು ಬಿಡುವ ಒಳಗಿನ ಬಟ್ಟೆಯ ಪರದೆ ಚಳಿಗೆ ಅರ್ಧ ದಾರಿಯಲ್ಲಿ ನಿಲ್ಲುವ ಭಯವಿರಲಿಲ್ಲ. ಕ್ಯಾಮೆರಾವನ್ನು ಹೊರಗಿನ ಉಗ್ರಾಣದಲ್ಲೇ ತೂಗುಹಾಕಿದ್ದೆ, ಬೆವರಿ ಹಾಳಾಗದಂತೆ ಒಮ್ಮೆಯೂ ಮನೆಯೊಳಗೆ ತರಲಿಲ್ಲ. ಅದಕ್ಕೆ ಮೊಲದ ಚರ್ಮದ ಅಂಗಿ ತೊಡಿಸಿದೆ. ಫಿಲ್ಮಿನ ಗುಂಡಿಯನ್ನು ಮಗುವನ್ನು ತೂಗುವಷ್ಟು ನಿಧಾನವಾಗಿ ತಿರುಗಿಸಿದೆ. ಅವಸರ ಮಾಡಿದರೆ ಫಿಲ್ಮು ಮುರಿಯುತ್ತದೆ, ಇಲ್ಲವೆ ಕಿಡಿ ಹಾರಿ ಅದರ ಮೇಲೆಲ್ಲ ಮಿಂಚಿನ ಗೆರೆ ಬೀಳುತ್ತದೆ ಎಂದು ನೀನು ಎಷ್ಟು ಸಲ ಗೊಣಗಿಲ್ಲ. ಮೊದಲು ಫಿಲ್ಮು ತಿರುಗಿಸು, ಆಮೇಲೆ ವೇಗ ಹೊಂದಿಸು ಎಂಬ ನಿನ್ನ ಕೂಗು ಕಿವಿಯಲ್ಲೇ ಇತ್ತು. ಜನವರಿ ಇಪ್ಪತ್ತೆಂಟರ ಮಧ್ಯಾಹ್ನ, ಮೈನಸ್ ಐವತ್ತೊಂದು ಡಿಗ್ರಿ, ಗಾಳಿಯಿಲ್ಲ, ಸೂರ್ಯ ಲಾರ್ಚ್ ಮರಗಳ ತಲೆಯ ಮೇಲೆ ಕೂತಿದ್ದ. ನಾಲ್ಕು ಜನ ನಿಂತರು, ನಡುವೆ ಕುದುರೆ. ಕಿಂಡಿಯಲ್ಲಿ ಕಣ್ಣಿಟ್ಟೆ. ಮುಖಗಳು ಎರಡಾದವು, ಒಂದಾದವು, ಎಷ್ಟು ಸ್ವಚ್ಛವಾಗಿ ಕಂಡವೆಂದರೆ ಹೆಮ್ಮೆಯಿಂದ ಮೂರು ಸಲ ಒತ್ತಿದೆ. ಆಗ ಕಿರ್ಗೀಲೆ ಮಾವ, ತುಟಿ ಅಲ್ಲಾಡಿಸಿದರೆ ಚಿತ್ರ ಕೆಟ್ಟೀತೆಂದು ಹಲ್ಲು ಕಚ್ಚಿಕೊಂಡೇ ಹೇಳಿದ: 'ಸೊಸೆ, ಉಯ್ಬಾನ್ ಮೊದಲು ಅದರ ಮುಚ್ಚಳ ತೆಗೀತಿದ್ದ. ಈಗೇನು ಹೊಸ ಪದ್ಧತಿನಾ?'

ನಗಬೇಡ. ನಕ್ಕರೂ ಪರವಾಗಿಲ್ಲ, ನಗು. ನೋಡುವ ಕಿಂಡಿ ಬೇರೆ, ಚಿತ್ರ ಹಿಡಿಯುವ ಮಸೂರ ಬೇರೆ. ಮಸೂರಕ್ಕೆ ಮುಚ್ಚಳ ಮುಚ್ಚಿದ್ದರೂ ಕಿಂಡಿಯಲ್ಲಿ ಲೋಕವೆಲ್ಲ ಕಾಣುತ್ತದೆ. ನಾಲ್ವರೂ ನಕ್ಕ ನಗುವಿನ ಉಸಿರು ಮೋಡದಂತೆ ಎದ್ದು ಕುದುರೆಯನ್ನೇ ಮುಚ್ಚಿತು. ಮುಚ್ಚಳ ತೆಗೆದು ಮತ್ತೆ ನೋಡಿದರೆ ನನ್ನ ಉಸಿರು ತಗುಲಿ ಎರಡು ಕಿಂಡಿಯೂ ಬಿಳಿಯಾಗಿದ್ದವು. ಒರೆಸಿದೆ, ಮತ್ತೆ ಬಿಳಿ. ಹುಬ್ಬು ಲೋಹಕ್ಕೆ ಅಂಟಿ ನಾಲ್ಕು ಕೂದಲು ಅಲ್ಲೇ ಉಳಿದವು. ಅಳು ಬರುವಂತಾಯಿತು, ಆದರೆ ಆ ಚಳಿಯಲ್ಲಿ ಅತ್ತರೆ ಎವೆಗಳೂ ಅಂಟಿಕೊಳ್ಳುತ್ತವೆ.

ಹಾಗೆ ನಿಂತಾಗ ನೀನು ನೆನಪಾದೆ, ನೀನು ನಿಲ್ಲುತ್ತಿದ್ದ ರೀತಿ ನೆನಪಾಯಿತು. ಚಳಿಗಾಲದಲ್ಲಿ ನೀನು ಕಿಂಡಿಗೆ ಕಣ್ಣಿಟ್ಟದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಕ್ಯಾಮೆರಾ ಎದೆಗೆ ಒತ್ತಿರುತ್ತಿತ್ತು, ಮುಖ ಮೇಲಕ್ಕೆತ್ತಿ ಅವರ ಜೊತೆ ತಮಾಷೆ ಮಾಡುತ್ತಿದ್ದೆ. ಕುದುರೆ ಕೂದಲಿನ ಹಗ್ಗದ ಒಂದು ತುದಿ ನಿನ್ನ ನಡುಪಟ್ಟಿಗೆ, ಇನ್ನೊಂದು ತುದಿ ಕಿರ್ಗೀಲೆ ಮಾವನ ಕೈಗೆ. ಮೀಟರಿಗೊಂದು ಗಂಟು, ಐದು ಗಂಟು. ಎಂಥ ಚಳಿಗೂ ಸೆಟೆಯದ ಹಗ್ಗ. ಅದನ್ನು ಬಿಗಿಯಾಗಿ ಎಳೆದರೆ ದೂರ ಐದು ಮೀಟರು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮಸೂರದ ಪಕ್ಕದಲ್ಲಿ ಪುಟ್ಟ ಕಿವಿಯಂಥದ್ದು ಇದೆಯಲ್ಲ, ಅದನ್ನು ತಿರುಗಿಸುತ್ತಾ ಹೋದರೆ ಐದು ಮೀಟರಿನ ಜಾಗದಲ್ಲಿ ನೀನು ಅರದಿಂದ ಗೀರಿದ ಗುರುತು ಉಗುರಿಗೆ ಸಿಗುತ್ತದೆ. ಕರುವಿನಂತೆ ನಮ್ಮನ್ನೂ ಕಟ್ಟಿಹಾಕ್ತಾನೆ ಎಂದು ಜನ ನಿನ್ನನ್ನು ಆಡಿಕೊಂಡದ್ದು ಎಷ್ಟು ವರ್ಷ! ನಾನೂ ಆಡಿಕೊಂಡಿದ್ದೆ. ಅವತ್ತು ಓಡಿಹೋಗಿ ಉಗ್ರಾಣದ ಮೊಳೆಯಿಂದ ಹಗ್ಗ ತಂದು ಸೊಂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಮಾವನ ಕೈಗೆ ಕೊಟ್ಟೆ. ತೆಳುವಾದ ರೇಷ್ಮೆ ಕೈಗವಸಿನೊಳಗಿಂದ ಉಗುರಿಗೆ ಆ ಗೀರು ಸಿಕ್ಕಿದಾಗ, ನೀನು ಪಕ್ಕದಲ್ಲಿ ನಿಂತು ನನ್ನ ಬೆರಳು ಹಿಡಿದಿದ್ದೀಯ ಅನ್ನಿಸಿತು.

ಎಂಟು ಚಿತ್ರ ತೆಗೆದೆ. ಕಿಟಕಿಗೆ ಕಂಬಳಿ ಹೊದಿಸಿ ತೊಳೆದೆ. ಅವುಗಳಲ್ಲಿ ಒಂದನ್ನು ಅಧ್ಯಕ್ಷರು ತಾವೇ ಆರಿಸಿದರು. ಈಗ ಅದು ಇಪ್ಪತ್ತನೆಯ ಮೊಳೆಯಲ್ಲಿದೆ. ಕುದುರೆಯ ಎವೆಯ ಮೇಲಿನ ಹಿಮ ಎಣಿಸಬಹುದು. ಕಿರ್ಗೀಲೆ ಮಾವನ ಗಡ್ಡದ ಒಂದೊಂದು ಬಿಳಿ ಎಳೆಯೂ ಬಿಡಿಬಿಡಿಯಾಗಿದೆ. ಕ್ಲಬ್ಬಿಗೆ ಬಂದವರೆಲ್ಲ ನನ್ನನ್ನು ಹೊಗಳುತ್ತಾರೆ, ನಾನು ಬೇಡವೆನ್ನುವುದಿಲ್ಲ, ಕೇಳಿಸಿಕೊಳ್ಳುತ್ತೇನೆ. ಈ ವಯಸ್ಸಿನಲ್ಲಿ ಹೊಸದೊಂದು ಕೆಲಸ ಕೈಗೆ ಬಂದದ್ದು ಸಣ್ಣ ಸಂತೋಷವಲ್ಲ. ಆದರೆ ಗೋಡೆಯೆದುರು ಒಬ್ಬಳೇ ನಿಂತಾಗ ನಾನು ಮೊದಲಿನ ಹತ್ತೊಂಬತ್ತನ್ನು ನೋಡುತ್ತೇನೆ. ಬಿಳಿಗಟ್ಟಿದ ಕಿಂಡಿಯ ಹಿಂದೆ ನಿಂತು ಇಷ್ಟನ್ನೆಲ್ಲ ತೆಗೆದವನ ಹೆಂಡತಿ ನಾನು. ಅದರ ಹೆಮ್ಮೆಯೇ ದೊಡ್ಡದು.

ಆ ಚಿತ್ರದ ಒಂದು ಪ್ರತಿ ಇದರೊಳಗಿದೆ. ದಾರಿಯಾ, ಯಾರು ಎಲ್ಲಿ ನಿಂತಿದ್ದಾರೆ, ಯಾರ ಟೊಪ್ಪಿಗೆ ಹೇಗಿದೆ, ಎಲ್ಲ ಬಿಡದೆ ಹೇಳು. ಅವನಿಗೆ ಅವರೆಲ್ಲರ ಮುಖ ಗೊತ್ತು. ಹೇಳಿದರೆ ಕಾಣುತ್ತದೆ.

ಮೈ ಬೆಚ್ಚಗಿಟ್ಟುಕೋ. ನಮ್ಮ ಒಲೆಯ ಬೆಂಕಿ ನಿನ್ನನ್ನು ಅಲ್ಲಿಯೂ ಕಾಯಲಿ. ಊರಿನವರೆಲ್ಲ ನಿನ್ನನ್ನು ಕೇಳಿದ್ದಾರೆ, ಹೊಸ ಕರುವೂ ಸೇರಿ.

ನಿನ್ನ ಮುದುಕಿ,
ಬಾಲ್ಬಾರಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಅಂಚೆ ವಿಮಾನ ಬಂದು ನಿಂತಿದೆ, ಪೈಲಟ್ ಎಂಜಿನ್ ಆರಿಸದೆ ನನ್ನನ್ನೇ ನೋಡುತ್ತಿದ್ದಾನೆ, ಆದ್ದರಿಂದ ಬೇಗ ಹೇಳುತ್ತೇನೆ. ಆರು ಚಿತ್ರ ತೆಗೆದಾದ ಮೇಲೆ ನಾನು ಶಾಲನ್ನು ಕಣ್ಣಿಗೆ ಕಟ್ಟಿಕೊಂಡೆ, ಬೆಳಕೂ ಕಾಣದ ಹಾಗೆ, ಎರಡು ಸುತ್ತು. ಯಾಕೆ ಎಂದು ಅವರಿಗೆ ಹೇಳಿದೆ. ಯಾರೂ ನಗಲಿಲ್ಲ. ಕಿರ್ಗೀಲೆ ಮಾವ ಹಗ್ಗ ಬಿಗಿದು ಹಿಡಿದ. ಒಬ್ಬೊಬ್ಬರೂ ನಾನಿಲ್ಲಿ, ನಾನಿಲ್ಲಿ ಎಂದು ಕೂಗಿದರು. ಹಗ್ಗ ಎಳೆದ ಕಡೆಗೆ ಎದೆ ತಿರುಗಿಸಿ, ಬೆರಳಿಗೆ ಗೀರು ಸಿಕ್ಕಿದ ಕೂಡಲೆ ಎರಡು ಸಲ ಒತ್ತಿದೆ. ಅಧ್ಯಕ್ಷರು ಏನೂ ತಿಳಿಯದೆ ಆರಿಸಿದ್ದು, ಈಗ ಗೋಡೆಯ ಮೇಲಿರುವುದು, ದಾರಿಯಾಳ ಕೈಯಲ್ಲಿರುವುದು ಆ ಎರಡರಲ್ಲಿ ಒಂದು. ಕ್ಯಾಮೆರಾವನ್ನು ಶಾಲೆಗೆ ಕೊಟ್ಟಿಲ್ಲ, ಹೊಸ ಫಿಲ್ಮು ಹಾಕಿ ಉಗ್ರಾಣದಲ್ಲಿ ತೂಗುಹಾಕಿದ್ದೇನೆ. ಕರುವಿಗೆ ಬೇರೆ ಹಗ್ಗ ಸಿಕ್ಕಿತು. ಇಪ್ಪತ್ತೊಂದನೆಯ ಮೊಳೆಯನ್ನು ನಾನೇ ಹೊಡೆದಿದ್ದೇನೆ, ಸ್ವಲ್ಪ ಸೊಟ್ಟಗಿದೆ, ನೀನು ಬಂದು ಕೈಯಾಡಿಸಿ ನೋಡಿ ಬೈಯಬಹುದು. ಕಿರ್ಗೀಲೆ ಮಾವ ಹೇಳಿಕಳಿಸಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ: 'ಬರೋಕೆ ಹೇಳು ಅವನಿಗೆ. ಹಗ್ಗ ನಾನು ಹಿಡೀತೀನಿ. ಮುಚ್ಚಳ ತೆಗೆಯೋದನ್ನೂ ನಾನೇ ನೆನಪಿಸ್ತೀನಿ.'